ಅಪ್ಪನ ಬಾಯಿಯ ವಾಸನೆ

ನಮ್ಮ ಮನೆಯಲ್ಲಿ ನನ್ನ ಮೂಗಿನ ಮಾತಿಗೆ ಬೆಲೆ ಇತ್ತು. ಹಾಲು ಒಡೆಯುವ ಮೊದಲೇ ಹೇಳುತ್ತಿದ್ದೆ. ಬಣ್ಣ ಹಾಕಿಸಿ ತಂದ ನೂಲು ಸರಿಯಾಗಿ ಒಣಗಿದೆಯೋ ಇಲ್ಲವೋ ಎಂದು ಮೂಸಿಯೇ ಹೇಳುತ್ತಿದ್ದೆ. ಅವ್ವನಿಗೆ ಆ ಭಾಗ್ಯ ಇರಲಿಲ್ಲ. ಹೊತ್ತಿಗೊಮ್ಮೆ ತಪಕೀರು ಏರಿಸಿ ಏರಿಸಿ, ಆ ನಶ್ಯದ ಪುಡಿಗೆ ಅವಳ ಮೂಗು ಎಂದೋ ಸತ್ತುಹೋಗಿತ್ತು. ಒಲೆಯ ಮೇಲೆ ಅನ್ನ ಸೀದು ಕರಕಲಾದರೂ ಪಕ್ಕದ ಮನೆಯವರು ಬಂದು ಹೇಳಬೇಕು. "ನನ್ನ ಮೂಗು ನೀನ ನೋಡವಾ" ಎಂದು ನಗುತ್ತಿದ್ದಳು. ಆ ಮಾತು ನನ್ನನ್ನು ಎಲ್ಲಿಗೆ ತಂದು ನಿಲ್ಲಿಸಿತು ಎಂದು ಬರೆಯಲು ಇಷ್ಟು ವರ್ಷ ಹೆದರಿದೆ. ಈಗಲೂ ಹೆದರಿಕೆ ಹೋಗಿಲ್ಲ, ಸುಳ್ಳೇಕೆ ಹೇಳಲಿ.

ತೊಂಬತ್ತರ ದಶಕ ಮುಗಿಯುತ್ತಿದ್ದ ಕಾಲ ಅದು. ನನಗೆ ಇಪ್ಪತ್ತರ ಆಸುಪಾಸು. ಇಳಕಲ್ಲಿನ ನಮ್ಮ ಓಣಿಯ ಎಷ್ಟೋ ಮನೆಗಳಲ್ಲಿ ಆಗಲೇ ಕರೆಂಟಿನ ಮಗ್ಗಗಳು ಖಡಖಡ ಅನ್ನುತ್ತಿದ್ದವು. ನಮ್ಮದು ಮಾತ್ರ ಕುಣಿಮಗ್ಗ. ನೆಲದಲ್ಲಿ ತೋಡಿದ ಕುಣಿಗೆ ಕಾಲು ಇಳಿಬಿಟ್ಟು ಅಪ್ಪ ಕೂತನೆಂದರೆ ಊಟದ ಹೊತ್ತಿಗೇ ಏಳುತ್ತಿದ್ದುದು. ಇಳಕಲ್ ಸೀರೆಯಲ್ಲಿ ಒಡಲಿನ ಹಾಸು ಬೇರೆ, ಸೆರಗಿನ ಕೆಂಪು ರೇಷ್ಮೆಯ ಹಾಸು ಬೇರೆ. ಎರಡನ್ನೂ ಎಳೆಗೆ ಎಳೆ ಕುಣಿಕೆ ಹಾಕಿ ಕೂಡಿಸಬೇಕು. ಅದಕ್ಕೆ ಕೊಂಡಿ ಎನ್ನುತ್ತೇವೆ. ಪ್ರತಿ ಸೀರೆಗೂ ಹೊಸದಾಗಿ ಕೊಂಡಿ. ಒಬ್ಬರಿಂದ ಆಗುವ ಕೆಲಸವಲ್ಲ. ಅಪ್ಪ ಆ ಕಡೆ, ನಾನು ಈ ಕಡೆ, ನಡುವೆ ಸಾವಿರಾರು ಎಳೆಗಳು. ಇಬ್ಬರ ಹಣೆ ತಾಗುವಷ್ಟು ಹತ್ತಿರ ಬಾಗಿ ಕೂರುತ್ತಿದ್ದೆವು. ಅಪ್ಪ ಬಿಟ್ಟ ಉಸಿರು ನನ್ನ ಮುಖಕ್ಕೇ ಬಡಿಯುತ್ತಿತ್ತು.

ಅಪ್ಪನಿಗೆ ಸಕ್ಕರೆ ಕಾಯಿಲೆ ಇರುವುದು ಹುನಗುಂದದ ದವಾಖಾನೆಯಲ್ಲಿ ಗೊತ್ತಾಗಿತ್ತು. ಗುಳಿಗೆ ಕೊಟ್ಟಿದ್ದರು. ಸಕ್ಕರೆ ಬಿಟ್ಟರೆ ಸಾಕು ಎಂದುಕೊಂಡು ಚಹಾಕ್ಕೆ ಬೆಲ್ಲ ಹಾಕಿಕೊಂಡು ಕುಡಿಯುತ್ತಿದ್ದ ಮನುಷ್ಯ. ಅವನಿಗಿದ್ದ ದೊಡ್ಡ ಪೀಡೆ ಮೂತ್ರದ್ದು. ಊಟದವರೆಗೆ ಏಳದಿದ್ದವನು ಈಗ ತಾಸಿಗೆರಡು ಸಲ ಏಳಬೇಕು. ಪೇಟೆಗೆ ಹೋದರೆ ಅವಸರಕ್ಕೆ ಜಾಗ ಬೇಕಲ್ಲ? ಸಾರಾಯಿ ಅಂಗಡಿಯ ಹಿಂದೆ ಒಂದು ಬಯಲು ಜಾಗ ಇತ್ತು. ಗೋಡೆಯ ಮರೆ ಇತ್ತು. ಅಪ್ಪ ಅಲ್ಲಿಗೆ ಹೋಗುತ್ತಿದ್ದ. ಇದು ನನಗೆ ಗೊತ್ತಾದದ್ದು ಬಹಳ ತಡವಾಗಿ. ಅವನು ನಾಚಿಕೆಯ ಮನುಷ್ಯ, ಯಾರಿಗೂ ಹೇಳುತ್ತಿರಲಿಲ್ಲ. ಆದರೆ ಸಾರಾಯಿ ಅಂಗಡಿಯ ಸಂದಿಯಿಂದ ಧೋತರ ಸರಿಪಡಿಸಿಕೊಳ್ಳುತ್ತ ಹೊರಗೆ ಬರುವವನನ್ನು ಕಂಡರೆ ಊರು ಏನು ಅಂದುಕೊಳ್ಳುತ್ತದೆ? ಅದನ್ನೇ ಅಂದುಕೊಂಡಿತು.

ಅದರ ಜೊತೆಗೆ ಅಪ್ಪ ಬದಲಾಗತೊಡಗಿದ. ಹಗಲು ಮಗ್ಗದ ಮೇಲೇ ತೂಕಡಿಸುವನು. ಲಾಳಿ ಎಸೆಯುವ ಕೈ ನಡುಗುವುದು. ಎಂದೂ ತಪ್ಪದವನು ದಡಿಯ ಎಳೆಗಳನ್ನು ತಪ್ಪಿಸುವನು. ಒಮ್ಮೆ ನನ್ನನ್ನು ಅವನ ತಂಗಿಯ ಹೆಸರಿನಿಂದ ಕೂಗಿದ. ಕಣ್ಣು ಹಳದಿಗಟ್ಟಿದ್ದವು. ನಾವು ಕೆಂಪಗಾಗಿವೆ ಎಂದುಕೊಂಡೆವು. ಕಾಣಬೇಕೆಂದುಕೊಂಡದ್ದೇ ಕಾಣುತ್ತದಲ್ಲ.

ಒಂದು ದಿನ ನಲ್ಲಿಯ ಹತ್ತಿರ ಓಣಿಯ ಹಿರಿಯಳೊಬ್ಬಳು ಅವ್ವನಿಗೆ ಹೇಳಿದಳು: "ನಿಮ್ಮ ಮನ್ಯಾರು ಶುರು ಮಾಡ್ಯಾರಂತಲ್ಲವಾ? ಅಂಗಡಿ ಹಿಂದ ನಮ್ಮ ಹುಡುಗ ಎರಡ ಸಲ ನೋಡ್ಯಾನಂತ."

ಅವ್ವ ಕೊಡ ಅಲ್ಲೇ ಬಿಟ್ಟು ಬಂದಳು. ಕೊರಳಲ್ಲಿ ಲಿಂಗ ಕಟ್ಟಿದ ಮನೆ ನಮ್ಮದು. ಮದ್ಯದ ಹೆಸರೆತ್ತಿದರೆ ಬಾಯಿ ತೊಳೆಯುವ ಜನ. ನನ್ನನ್ನು ಅಡುಗೆಮನೆಗೆ ಎಳೆದುಕೊಂಡು ಹೋಗಿ, ಕೈ ಹಿಡಿದು ಅಂದಳು: "ಯವ್ವಾ, ನನ್ನ ಮೂಗು ಸತ್ತೈತಿ. ನೀ ನೋಡು. ಕೊಂಡಿ ಹಾಕೂ ಮುಂದ ಅವರ ಬಾಯಿ ವಾಸನಿ ನೋಡಿ ನನಗ ಹೇಳು. ಖರೆ ಹೇಳಬೇಕ ನೋಡು. ನನ್ನ ಆಣಿ ಐತಿ."

ಅಲ್ಲಿಂದ ನಾನು ಮನೆಯ ಪೊಲೀಸಾದೆ. ಕೊಂಡಿಗೆ ಕೂತಾಗ ಅಪ್ಪ ಉಸಿರು ಬಿಟ್ಟ ಕೂಡಲೇ ನಾನು ಎಳೆದುಕೊಳ್ಳುವೆ. ನಾಲ್ಕಾರು ವಾರ ಏನೂ ಇರಲಿಲ್ಲ. ಎಲೆ ಅಡಿಕೆ, ಒಗ್ಗರಣೆಯ ಬೆಳ್ಳುಳ್ಳಿ, ಅಷ್ಟೇ. ಪ್ರತಿ ಸಲ ಅವ್ವನ ಮುಂದೆ ತಲೆ ಅಲ್ಲಾಡಿಸಿ ಇಲ್ಲ ಅನ್ನುವಾಗ ನನ್ನ ಎದೆ ಹಗುರಾಗುತ್ತಿತ್ತು. ಆದರೆ ಮುಂದಿನ ಸೀರೆ ಏರಿತೆಂದರೆ ಮತ್ತೆ ಮೂಸಬೇಕು. ಅಪ್ಪ ಒಳ್ಳೆಯವನೋ ಕೆಟ್ಟವನೋ ಎಂಬ ತೀರ್ಪು ನನ್ನ ಮೂಗಿನ ತುದಿಯಲ್ಲಿ ಕೂತಿತ್ತು. ಇಪ್ಪತ್ತರ ಹುಡುಗಿಗೆ ಅದು ಹೊರಲಾರದ ಹೊರೆ.

ಆಮೇಲೆ ಒಂದು ದಿನ ವಾಸನೆ ಬಂತು.

ಹಸಿರು ಒಡಲಿನ ಸೀರೆ ಅದು. ಅಪ್ಪ ಮುಂದೆ ಬಾಗಿ, "ಈ ಎಳಿ ಹಿಡಿಯವಾ" ಅಂದ. ಆ ಮಾತಿನ ಜೊತೆಗೇ ಬಂತು. ಸಿಹಿ, ಮುಗ್ಗಲು, ಮಾಗಿ ಮೀರಿದ ಬಾಳೆಹಣ್ಣನ್ನು ಡಬ್ಬಿಯಲ್ಲಿ ಮರೆತು ಮುಚ್ಚಳ ತೆಗೆದಂತೆ. ಸಾರಾಯಿಯ ವಾಸನೆ ಹೇಗಿರುತ್ತದೆ ಎಂದು ನನಗೇನು ಗೊತ್ತು? ಆ ಅಂಗಡಿಯ ಮುಂದೆ ಹಾಯುವಾಗ ಸೆರಗು ಮೂಗಿಗೆ ಹಿಡಿದು ಓಡುವ ಹುಡುಗಿ ನಾನು. ಅಪ್ಪನದಲ್ಲದ ವಾಸನೆ ಅದು, ಇಷ್ಟೇ ಗೊತ್ತಾದದ್ದು. ಕೈಯಲ್ಲಿದ್ದ ಕುಣಿಕೆ ಜಾರಿತು. ಅಪ್ಪ "ಏನಾತು?" ಎಂದು ಕೇಳಿದ. "ಏನಿಲ್ಲಪ್ಪಾ" ಅಂದೆ.

ಆ ದಿನವೆಲ್ಲ ಅವ್ವನ ಕಣ್ಣು ತಪ್ಪಿಸಿದೆ. ಸಂಜೆ ರೊಟ್ಟಿ ಬಡಿಯುತ್ತಿದ್ದವಳು ತಿರುಗಿ ನೋಡಿ, "ಏನವಾ?" ಎಂದಳು. ಆಣೆ ಹಾಕಿಸಿದ್ದಾಳಲ್ಲ. "ವಾಸನಿ ಬರ್ತೈತಿ" ಅಂದುಬಿಟ್ಟೆ. ಮುತ್ತು ಒಡೆದರೆ ಹೋಯಿತು, ಮಾತು ಆಡಿದರೆ ಹೋಯಿತು ಅಂತಾರೆ. ಅವ್ವ ಬಡಿಯುತ್ತಿದ್ದ ರೊಟ್ಟಿಯನ್ನು ಹಾಗೇ ಬಿಟ್ಟು ಎದ್ದಳು.

ಜಗಳದ ವಿವರ ಬೇಡ. ಅಪ್ಪ ಒಂದೇ ಮಾತು ಹಿಡಿದು ನಿಂತ: "ನಾ ಮುಟ್ಟಿಲ್ಲ." ಅವ್ವನದೂ ಒಂದೇ: "ಮಗಳು ಸುಳ್ಳು ಹೇಳ್ತಾಳೇನು?" ಆಗ ಅಪ್ಪ ನನ್ನ ಕಡೆ ನೋಡಿದ. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ನಾಲ್ಕನೆಯ ದಿನ ಅವ್ವ ಊಟ ಬಿಟ್ಟಳು. ಕೂಡಲಸಂಗಮಕ್ಕೆ ಹೋಗಿ ಆಣೆ ಮಾಡುವವರೆಗೆ ತುತ್ತು ಮುಟ್ಟುವುದಿಲ್ಲ ಎಂದು ಹಟ ಹಿಡಿದಳು. ನಮ್ಮ ಕಡೆ ಕುಡಿತ ಬಿಡಿಸಲು ಇದ್ದ ಔಷಧಿ ಅದೊಂದೇ. ಹೊಳೆಯಲ್ಲಿ ಮುಳುಗಿ, ದೇವರ ಮುಂದೆ ನಿಂತು, ಇನ್ನು ಮೇಲೆ ಕುಡಿಯುವುದಿಲ್ಲ ಅನ್ನಬೇಕು.

ಬಸ್ಸಿನಲ್ಲಿ ಹೋದೆವು. ಅಪ್ಪ, ಅವ್ವ, ನಾನು, ತಮ್ಮ. ಎರಡು ಹೊಳೆ ಕೂಡುವಲ್ಲಿ ಅಪ್ಪ ಮುಳುಗಿ ಎದ್ದ. ಒದ್ದೆ ಪಂಚೆಯಲ್ಲಿ ಅವನ ಕಾಲು ಕಡ್ಡಿಯಂತೆ, ಹೊಟ್ಟೆ ಮಾತ್ರ ಮುಂದೆ ಬಂದಿತ್ತು. ಅದನ್ನು ನಾನು ನೋಡಿದೆ. ನೋಡಿಯೂ ಸುಮ್ಮನಾದೆ. ದೇವರ ಮುಂದೆ ಅವನು ಕೈ ಮುಗಿದು, "ನಾ ಕುಡುದಿಲ್ಲ. ಕುಡಿಯೂದಿಲ್ಲ" ಎಂದ.

"ಹಂಗಲ್ರಿ," ಅವ್ವ ಅಂದಳು. "ಇನ್ನ ಮ್ಯಾಲೆ ಅನ್ರಿ. ಇನ್ನ ಮ್ಯಾಲೆ ಕುಡಿಯೂದಿಲ್ಲ ಅಂತ ಅನ್ರಿ."

ಅಪ್ಪ ಮುಗಿದ ಕೈ ಕೆಳಗಿಳಿಸಿದ. ಹಿಂದೆ ಜನ ಸರದಿ ನಿಂತಿದ್ದರು. ಮೂರು ದಿನದ ಉಪವಾಸಕ್ಕೆ ಅವ್ವನ ತುಟಿ ಒಣಗಿ ಬಿರಿದಿತ್ತು. ಅವನು ಅವಳನ್ನು ನೋಡಿದ. ಆಮೇಲೆ ಮೆಲ್ಲಗೆ, "ಇನ್ನ ಮ್ಯಾಲೆ ಕುಡಿಯೂದಿಲ್ಲ" ಎಂದ. ಹಿಂದಿದ್ದ ಯಾರೋ "ಶಾಣ್ಯಾ ಆದ್ರಿ ಬಿಡ್ರಿ" ಎಂದರು. ಅವ್ವ ಅಳುತ್ತ ನಕ್ಕಳು. ಹೊರಗೆ ಬಂದು ಮೊದಲ ತುತ್ತು ಅವನ ಕೈಯಿಂದಲೇ ತಿಂದಳು. ಇನ್ನು ಮೇಲೆ ಅಂದ ಮೇಲೆ ಇಲ್ಲಿಯವರೆಗೆ ಕುಡಿದದ್ದು ಖರೆ ಎಂದು ಊರಿಗೆಲ್ಲ ಖಾತ್ರಿಯಾಯಿತು.

ನಮ್ಮ ತಪ್ಪು ಇದು. ಆಣೆ ಆಯಿತು, ಕಾಯಿಲೆ ತೀರಿತು ಎಂದು ನಂಬಿದೆವು. ದವಾಖಾನೆಯ ನೆನಪೇ ಯಾರಿಗೂ ಆಗಲಿಲ್ಲ. ಅಪ್ಪನ ಹೊಟ್ಟೆ ಮಾತ್ರ ಆಣೆಯ ಮಾತು ಕೇಳಲಿಲ್ಲ. ಕುಣಿಮಗ್ಗದಲ್ಲಿ ನೇಯ್ದ ಬಟ್ಟೆ ಸುತ್ತಿಕೊಳ್ಳುವ ದಿಂಡು ನೇಕಾರನ ಹೊಟ್ಟೆಯ ಮುಂದೆಯೇ ಇರುತ್ತದೆ. ಅಪ್ಪನಿಗೂ ಅದಕ್ಕೂ ನಡುವೆ ಮೊದಲು ಒಂದು ಗೇಣು ಜಾಗ ಇತ್ತು. ಆಮೇಲೆ ನಾಲ್ಕು ಬೆರಳು. ಆಮೇಲೆ ಹೊಟ್ಟೆ ದಿಂಡಿಗೆ ತಾಗಿತು. ನಾನು ಎದುರಿಗೆ ಕೂತು ದಿನದಿನಕ್ಕೆ ಅಳೆಯುತ್ತಿದ್ದೆ. ಒಂದು ದಿನ ಅವನಿಗೆ ಕುಣಿಯೊಳಗೆ ಇಳಿಯಲಿಕ್ಕೇ ಆಗಲಿಲ್ಲ. ವಾಸನೆ ದಿನವೂ ಬರುತ್ತಿತ್ತು. ನಾನು ಅವ್ವನಿಗೆ ಹೇಳುವುದನ್ನು ಬಿಟ್ಟಿದ್ದೆ, ಅವಳು ಕೇಳುವುದನ್ನೂ ಬಿಟ್ಟಿದ್ದಳು. ಆಣೆ ಮುರಿದ ಪಾಪ ಹೊಟ್ಟೆಯೊಳಗೆ ಸೇರಿದೆ ಎಂದು ಓಣಿಯವರು ಅನ್ನುತ್ತಿದ್ದರು. ಅವ್ವನೂ ಹಾಗೇ ಅಂದುಕೊಂಡಿದ್ದಳು. ಹೆದರಿಕೆಯಿಂದ ಅವನ ತಾಟು ನೂಕಿ ದೂರ ನಿಲ್ಲುತ್ತಿದ್ದಳು, ದೇವರ ಸಿಟ್ಟು ತಮಗೂ ಅಂಟೀತು ಎಂಬಂತೆ.

ಕೊನೆಗೆ ಬಾಗಲಕೋಟೆಗೆ ಒಯ್ದೆವು. ಹೊಟ್ಟೆಯಿಂದ ನೀರು ತೆಗೆದರು. ಡಾಕ್ಟರು ಕಾಗದ ಹಿಡಿದು ಕೇಳಿದರು: "ಎಷ್ಟ ವರ್ಷಾತು ಕುಡ್ಯಾಕ ಹತ್ತಿ?" ಅಪ್ಪ ಅರೆಮಂಪರಿನಲ್ಲಿದ್ದ. ಉತ್ತರ ಕೊಟ್ಟವಳು ಅವ್ವ: "ಬಿಡಿಸೇವ್ರಿ ಸಾಹೇಬ್ರ, ಸಂಗಮಕ್ಕ ಹೋಗಿ ಆಣಿ ಮಾಡಿಸೇವ್ರಿ." ಡಾಕ್ಟರು ಬರೆದುಕೊಂಡರು. ಅವರ ತಪ್ಪೇನಿದೆ? ಹೆಂಡತಿಯೇ ಹೇಳಿದ ಮೇಲೆ ಯಾರು ಅನುಮಾನ ಪಟ್ಟಾರು? ನಾನು ಮಂಚದ ಕಾಲ ಬಳಿ ನಿಂತಿದ್ದೆ. ಬಾಯಿ ತೆರೆಯಲಿಲ್ಲ. ಹದಿನೈದು ದಿನಕ್ಕೆ ಅಪ್ಪ ರಕ್ತ ಕಾರಿ ಸತ್ತ. ಮಣ್ಣಿಗೆ ಬಂದ ಜನ ಪಿಸುಗುಟ್ಟಿದ್ದು ಇಷ್ಟೇ: ಎಂಥಾ ನೇಕಾರ, ಕುಡುದು ಹಾಳಾದ.

ಅಪ್ಪ ಹೋಗಿ ಎರಡು ವರ್ಷಕ್ಕೆ ತಮ್ಮ ಮೊದಲ ಸಲ ಕುಡಿದು ಮನೆಗೆ ಬಂದ. ಬಾದಾಮಿ, ಐಹೊಳೆ ನೋಡಲು ಬರುವವರನ್ನು ಟಂಟಂ ಗಾಡಿಯಲ್ಲಿ ಕೂರಿಸಿಕೊಂಡು ತಿರುಗುತ್ತಿದ್ದ, ಗೆಳೆಯರು ಕುಡಿಸಿದ್ದರು. ಅವ್ವ ಎಂದಿನಂತೆ ನನ್ನತ್ತ ನೋಡಿದಳು. ನಾನು ಹತ್ತಿರ ಹೋಗಿ ಮೂಸಿದೆ. ಖಾರ, ಹುಳಿ, ಗಂಟಲು ಸುಡುವಂಥ ವಾಸನೆ. ಅಪ್ಪನ ಬಾಯಿಂದ ಬಂದದ್ದು ಇದಾಗಿರಲಿಲ್ಲ. ಇದರ ನೆಂಟನೂ ಆಗಿರಲಿಲ್ಲ.

ಗೊತ್ತಾಯಿತು. ಗೊತ್ತಾದರೂ ಯಾರಿಗೂ ಹೇಳಲಿಲ್ಲ. ಅವ್ವನಿಗೆ ಹೇಳಿದರೆ ಅವಳು ಉಳಿಯುತ್ತಾಳೆಯೇ ಎಂಬ ನೆಪ ಮಾಡಿಕೊಂಡೆ. ಖರೆ ಅಂದರೆ, ಹೇಳಿದರೆ ನಾನು ಏನಾಗುತ್ತೇನೆ ಎಂದು ಅಂಜಿಕೆ. ಎರಡು ಓಣಿ ಆಚೆಯ ಮನೆಗೆ ಮದುವೆಯಾಗಿ ಹೋದೆ. ಅಲ್ಲೂ ಮಗ್ಗ, ಅಲ್ಲೂ ಕೊಂಡಿ. ಮಗಳು ಹೊಟ್ಟೆಯಲ್ಲಿದ್ದಾಗ ನನಗೂ ಸಕ್ಕರೆ ಬಂತು. ಹೆತ್ತ ಮೇಲೆ ಹೋಗುತ್ತದೆ ಅಂದರು. ಹೋಗಲಿಲ್ಲ. ತಮ್ಮನಿಗೂ ಬಂತು. ಅಪ್ಪನ ಆಸ್ತಿ, ಇಬ್ಬರಿಗೂ ಸಮಪಾಲು ಎಂದು ತಮ್ಮ ತಮಾಷೆ ಮಾಡುತ್ತಿದ್ದ. ನಾನು ಗುಳಿಗೆ ತಪ್ಪಿಸುತ್ತಿರಲಿಲ್ಲ, ಚಹಾ ಸಪ್ಪಗೆ ಕುಡಿಯುತ್ತಿದ್ದೆ. ಅವನು ಕುಡಿಯುವುದನ್ನೂ ಬಿಡಲಿಲ್ಲ, ತಿನ್ನುವುದನ್ನೂ ಬಿಡಲಿಲ್ಲ.

ಮಗಳಿಗೆ ಏಳೆಂಟು ವರ್ಷವಾದಾಗ, ಎರಡು ಸಾವಿರದ ಆ ದಶಕ ಮುಗಿಯುವ ಹೊತ್ತಿಗೆ, ಕೊಂಡಿಗೆ ಬಾಗಿದಾಗ ಬಲಪಕ್ಕೆಯ ಕೆಳಗೆ ಏನೋ ತುಂಬಿದಂತೆ ಭಾರ ಅನ್ನಿಸತೊಡಗಿತು. ಮೊದಲು ಮಾಡಿದ ಕೆಲಸ ಏನು ಗೊತ್ತೇ? ನನ್ನ ಹೊಟ್ಟೆಗೂ ದಿಂಡಿಗೂ ನಡುವೆ ಬೆರಳಿಟ್ಟು ಅಳೆದೆ. ದಿನಾ ಅಳೆದೆ. ಗಂಡ ಕಂಡು, "ಏನ ಹುಚ್ಚಿ ನೀನು" ಎಂದು ಬೈದ. ಹುನಗುಂದದಲ್ಲಿ ರಕ್ತ ತೋರಿಸಿದರೆ ಲಿವರಿನ ಲೆಕ್ಕ ಹೆಚ್ಚಾಗಿದೆ, ಬಾಗಲಕೋಟೆಗೆ ಹೋಗಿ ಸ್ಕ್ಯಾನ್ ಮಾಡಿಸಿರಿ ಎಂದರು.

ಲಿವರ್ ಎಂಬ ಶಬ್ದವನ್ನು ಹಿಂದೆ ಒಮ್ಮೆ ಕೇಳಿದ್ದೆ, ಅಪ್ಪನ ಮಂಚದ ಬಳಿ.

ನನ್ನ ಜೊತೆ ಅವ್ವ ಬಂದಳು. ಅಪ್ಪನ ಹಳೆಯ ಕಾಗದಗಳನ್ನೂ ಒಯ್ಯಬೇಕು ಎಂದು ಹುನಗುಂದದವರು ಹೇಳಿದ್ದರಿಂದ ಟ್ರಂಕಿನ ತಳದಿಂದ ತೆಗೆದು ಚೀಲಕ್ಕೆ ಹಾಕಿಕೊಂಡಿದ್ದಳು. ಹಳೆಯ ಬಾಗಲಕೋಟೆಯ ಎಷ್ಟೋ ಓಣಿ ಅಷ್ಟರಲ್ಲಿ ಅಣೆಕಟ್ಟಿನ ಹಿನ್ನೀರಿಗೆ ಹೋಗಿ, ದವಾಖಾನೆ ದಾರಿಗಳೆಲ್ಲ ನವನಗರಕ್ಕೆ ತಿರುಗಿದ್ದವು. ಸ್ಕ್ಯಾನ್ ಕೋಣೆಯ ಹೊರಗೆ ಬಸುರಿಯರ ಸಾಲು. ಪಕ್ಕದಲ್ಲಿ ಕೂತಿದ್ದ ಶಿರೂರಿನ ಹೆಣ್ಣುಮಗಳು ನನ್ನ ಹೊಟ್ಟೆ ನೋಡಿ, "ನಿಮಗ ಎಷ್ಟರಾಗ್ರಿ?" ಎಂದು ಕೇಳಿದಳು. ಮತ್ತೊಂದು ದಿನವಾಗಿದ್ದರೆ ನಕ್ಕುಬಿಡುತ್ತಿದ್ದೆ. ಅಂದು, ಹೊರಗೆ ಕಾಣುವಷ್ಟು ಬೆಳೆದಿದೆಯೇ ಹೊಟ್ಟೆ ಎಂದುಕೊಂಡೆ. ಸೆರಗು ಎಳೆದು ಹೊದ್ದುಕೊಂಡೆ.

ಕಾಗದ ನೋಡಿದ ಡಾಕ್ಟರಮ್ಮ ಮೈಸೂರು ಕಡೆಯವರು. ನನಗಿಂತ ಚಿಕ್ಕವರು. ತಲೆ ಎತ್ತದೆ ಕೇಳಿದರು: "ನೀವು ಡ್ರಿಂಕ್ಸ್ ತಗೋತೀರಾ?"

"ಏನ್ರೀ?" ಅಂದೆ.

"ಕುಡಿಯೋ ಅಭ್ಯಾಸ ಇದೆಯಾ? ತಪ್ಪು ತಿಳ್ಕೋಬೇಡಿ, ಎಲ್ಲರಿಗೂ ಕೇಳ್ತೀವಿ."

"ಶಿವಶಿವಾ!" ಅವ್ವ ಎದ್ದೇ ನಿಂತಳು. "ಏನ್ರಿ ನೀವು, ಮರ್ಯಾದಸ್ತರ ಮನಿ ಹೆಣ್ಣಮಗಳಿಗೆ ಇಂಥಾದ್ದು ಕೇಳ್ತೀರಲ್ರಿ! ಆಕಿ ಅದರ ಹನಿ ನೋಡಿಲ್ಲ."

ಡಾಕ್ಟರಮ್ಮ ಸಿಟ್ಟಾಗಲಿಲ್ಲ. ಸಕ್ಕರೆ ಕಾಯಿಲೆ ಇದ್ದವರ ಲಿವರಿನಲ್ಲಿ ಕೊಬ್ಬು ತುಂಬುವುದುಂಟು, ಹನಿ ಕುಡಿಯದಿದ್ದರೂ ತುಂಬುತ್ತದೆ, ನನ್ನ ಲಿವರಿನಲ್ಲಿ ಅದು ಚೆನ್ನಾಗಿಯೇ ತುಂಬಿದೆ, ಕೆಲವರಲ್ಲಿ ಅದು ಬರಬರುತ್ತ ಗಟ್ಟಿಯಾಗಿ ಕೆಟ್ಟುಹೋಗುತ್ತದೆ ಎಂದು ಬಿಡಿಸಿ ಹೇಳಿದರು. ನನಗೆ ಕೇಳಿಸಿದ್ದು ಕೆಟ್ಟುಹೋಗುತ್ತದೆ ಎಂಬುದೊಂದೇ. ಅವರು ಅಪ್ಪನ ಹಳೆಯ ಕಾಗದ ಬಿಡಿಸಿದರು. ಓದಿ, ಒಂದು ಸಾಲಿನ ಮೇಲೆ ಬೆರಳಿಟ್ಟರು.

"ನಿಮ್ಮ ತಂದೆಗೂ ಸಕ್ಕರೆ ಇತ್ತು, ಲಿವರ್ ಹೋಗಿತ್ತು. ಆದ್ರೆ ಇಲ್ಲಿ ಕುಡಿತದಿಂದ ಅಂತ ಬರೆದಿದೆ. ಅವರು ನಿಜವಾಗ್ಲೂ ಕುಡೀತಿದ್ರಾ? ಯೋಚನೆ ಮಾಡಿ ಹೇಳಿ. ಕುಡಿತದಿಂದ ಆಗಿದ್ರೆ ಅವರ ಕಥೆ ಬೇರೆ, ನಿಮ್ಮ ಕಥೆ ಬೇರೆ. ಕುಡೀದೇ ಆಗಿದ್ರೆ, ಇದು ನಿಮ್ಮ ವಂಶದಲ್ಲೇ ಇರಬಹುದು. ಆಗ ನಿಮ್ಮನ್ನ ನಾವು ಇನ್ನೂ ಹುಷಾರಾಗಿ ನೋಡ್ಕೋಬೇಕು. ನಿಮ್ಮ ಮಕ್ಕಳನ್ನೂ."

ಅವ್ವ ಒಂದು ಕ್ಷಣವೂ ತಡೆಯಲಿಲ್ಲ. "ಕುಡೀತಿದ್ರುರಿ," ಎಂದಳು. "ಭಾಳ ಕುಡೀತಿದ್ರು."

ಅವಳು ನನ್ನನ್ನು ಉಳಿಸುತ್ತಿದ್ದಳು. ಭಾಳ ಎಂಬ ಮಾತನ್ನು ಅವಳು ಹಿಂದೆಂದೂ ಅಂದಿರಲಿಲ್ಲ. ಮಗಳಿಗಾಗಿ, ಮೊಮ್ಮಗಳಿಗಾಗಿ, ಅವಳು ಅಪ್ಪನಿಗೆ ಇನ್ನೂ ನಾಲ್ಕು ಬಾಟಲಿ ಕುಡಿಸಿದಳು. ನಾನು? ನನಗೂ ಅದೇ ಬೇಕಾಗಿತ್ತು. ದೇವರೇ, ಅಪ್ಪ ಕುಡುಕನಾಗಿರಲಿ ಎಂದು ಆ ಖುರ್ಚಿಯ ಮೇಲೆ ಕೂತು ನಾನು ಬೇಡಿಕೊಂಡೆ. ಅವನು ಕುಡುಕನಾದರೆ ನಾನು ಬದುಕುತ್ತೇನೆ. ನನ್ನ ಮಗಳಿಗೆ ಏನೂ ಆಗುವುದಿಲ್ಲ. ಸತ್ತವನಿಗೆ ಇನ್ನೇನು ಹೋಗುವುದಿದೆ? ಸುಮ್ಮನೆ ಕೂತರೆ ಸಾಕಿತ್ತು. ಸುಮ್ಮನೆ ಕೂರುವುದು ನನಗೆ ರೂಢಿಯಾದ ಕೆಲಸವೇ.

ಆದರೆ ಡಾಕ್ಟರಮ್ಮ ಬರೆಯಲು ಪೆನ್ನು ಎತ್ತಿದರು. ಹಿಂದೆ ಒಬ್ಬರು ಹೀಗೇ ಪೆನ್ನು ಎತ್ತಿದಾಗ ನಾನು ಮಂಚದ ಕಾಲ ಬಳಿ ನಿಂತಿದ್ದೆ.

"ಇಲ್ರಿ," ಅಂದೆ. "ನಮ್ಮಪ್ಪ ಕುಡೀತಿದ್ದಿಲ್ರಿ. ಒಂದ ಹನಿನೂ ಇಲ್ಲ."

"ಏ, ಬಾಯಿ ಮುಚ್ಚ," ಅವ್ವ ನನ್ನ ತೊಡೆ ಚಿವುಟಿದಳು. "ನಿನಗೇನ ಗೊತ್ತು? ನೀನ ಹೇಳಿದ್ದಿ, ವಾಸನಿ ಬರ್ತೈತಿ ಅಂತ."

"ಬರ್ತಿತ್ತವ್ವಾ. ಅದು ಸಾರಾಯಿ ವಾಸನಿ ಅಲ್ಲ."

ಡಾಕ್ಟರಮ್ಮ ಪೆನ್ನು ಕೆಳಗಿಟ್ಟು ಹೇಗಿತ್ತು ಎಂದು ಕೇಳಿದರು. ಹೇಳಿದೆ. ಸಿಹಿ, ಮುಗ್ಗಲು, ಮಾಗಿ ಮೀರಿದ ಬಾಳೆಹಣ್ಣು. ಅಪ್ಪನ ಆಗಿನ ಉಳಿದ ಲಕ್ಷಣಗಳನ್ನೂ ಹೇಳಿದೆ. ಅವರು ತಲೆಯಾಡಿಸಿದರು. ಲಿವರ್ ಬಹಳ ಕೆಟ್ಟವರ ಉಸಿರು ಹಾಗೆ ನಾರುತ್ತದೆ, ಕೈ ನಡುಗುವುದು, ಹಗಲು ತೂಕಡಿಸುವುದು, ಹೆಸರು ಮರೆಯುವುದು ಎಲ್ಲ ಅದರದ್ದೇ ಎಂದರು. ಅವ್ವ ಅವರ ಮುಖವನ್ನೇ ನೋಡುತ್ತ ಕೂತಳು. ಮಡಿಲಲ್ಲಿ ತಪಕೀರಿನ ಡಬ್ಬಿ ಮುಚ್ಚಳ ತೆರೆದಂತೆಯೇ ಇತ್ತು.

ತಮ್ಮನನ್ನೂ ಕರೆಸಿ ಸ್ಕ್ಯಾನ್ ಮಾಡಿಸಿದರು. ವಾರಕ್ಕೆ ಮೂರು ದಿನ ಕುಡಿಯುವವನು, ಸಕ್ಕರೆ ಮೈತುಂಬ. ಅವನ ಲಿವರ್ ಚೊಕ್ಕಟ! ಅವನೇ ಪೆಚ್ಚಾಗಿ, "ಅಕ್ಕಾ, ಇದು ನನಗ ಬರಬೇಕಿತ್ತಲ್ಲ" ಎಂದ. ಕಣ್ಣಲ್ಲಿ ನೀರಿತ್ತು. ಡಾಕ್ಟರಮ್ಮ ಅವನಿಗೂ ಸರಿಯಾಗಿ ಬಿಸಿ ಮುಟ್ಟಿಸಿದರು. ಇವತ್ತು ಚೊಕ್ಕಟ ಇದ್ದದ್ದು ನಾಳೆಯೂ ಇರುತ್ತದೆ ಎಂದು ಬರೆದುಕೊಟ್ಟಿಲ್ಲ ಎಂದರು. ಒಂದೇ ತಂದೆತಾಯಿಯ ಮಕ್ಕಳಾದರೂ ಇಬ್ಬರಿಗೆ ಬರುವ ವಂಶವಾಹಿಯ ಪಾಲು ಒಂದೇ ಅಲ್ಲವಂತೆ. ಕೊಬ್ಬನ್ನು ಲಿವರಿನಿಂದ ಹೊರಗೆ ಕಳಿಸುವ ಕೆಲಸದಲ್ಲಿ ಕೆಲವರಿಗೆ ಹುಟ್ಟಿನಿಂದಲೇ ಒಂದು ಸಣ್ಣ ವ್ಯತ್ಯಾಸ ಇರುತ್ತದಂತೆ. ಸಕ್ಕರೆ ಕಾಯಿಲೆ ಬಂದು ಕೂಡಿತೆಂದರೆ ಅಂಥವರ ಲಿವರ್ ಬೇಗ ಸೋಲುತ್ತದೆ. ಇದೆಲ್ಲ ಈಗೀಗ ಗೊತ್ತಾಗುತ್ತಿದೆ, ಪರೀಕ್ಷೆ ಮಾಡಿ ಖಚಿತ ಹೇಳುವ ಅನುಕೂಲ ಇಲ್ಲಿ ಇಲ್ಲ, ಆದರೆ ನಿಮ್ಮ ಮನೆಯ ಕಥೆ ಹಾಗೇ ಕಾಣುತ್ತದೆ ಎಂದರು. ನಿಮ್ಮದು ಇನ್ನೂ ಗಟ್ಟಿಯಾಗಿಲ್ಲ, ತೂಕ ಇಳಿಸಿ, ಸಕ್ಕರೆ ಹತೋಟಿಯಲ್ಲಿಡಿ, ಆರು ತಿಂಗಳಿಗೊಮ್ಮೆ ಬನ್ನಿ.

"ಮಗಳಿಗೆ ಬರ್ತೈತೇನ್ರಿ?" ಎಂದು ಕೇಳಿದೆ.

"ಬರಲೇಬೇಕು ಅಂತಿಲ್ಲ. ಬರಲ್ಲ ಅಂತಾನೂ ಹೇಳಕ್ಕಾಗಲ್ಲ," ಎಂದರು. ಖರೆ ಹೇಳುವವರ ಮೇಲೆ ಸಿಟ್ಟು ಬರುತ್ತದೆ ಎಂಬುದು ನನಗೆ ಅಂದು ತಿಳಿಯಿತು.

ವಾಪಸು ಬರುವ ಬಸ್ಸಿನಲ್ಲಿ ಅವ್ವ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದಳು. ಬಹಳ ದೂರ ಬಂದ ಮೇಲೆ ಕೇಳಿದಳು: "ನಿನಗ ಯಾವಾಗ ಗೊತ್ತಾತು?"

"ತಮ್ಮ ಮದಲನೇ ಸಲ ಕುಡುದು ಬಂದಿದ್ದನಲ್ಲ, ಅವತ್ತ."

ಅವಳು ಬೆರಳು ಮಡಚಿ ವರ್ಷ ಎಣಿಸಿದಳು. ಬೈಯಲಿಲ್ಲ. ಅಪ್ಪನೂ ಬೈದಿರಲಿಲ್ಲ. "ಅಂದ್ರ ನಾ ಅವರ ಬಾಯಿಲೆ ಸುಳ್ಳ ಆಣಿ ಮಾಡಿಸಿದೆ," ಎಂದಳು. "ದೇವರ ಮುಂದ. ನನ್ನ ಹೊಟ್ಟಿ ತುಂಬಲಿ ಅಂತ ಅವರು ಸುಳ್ಳ ಹೇಳಿದ್ರು." ಹುನಗುಂದ ಬರುವವರೆಗೆ ಅದನ್ನೇ ಅಂದಳು. ಹುನಗುಂದದ ಬಸ್ ನಿಲ್ದಾಣದಲ್ಲಿ ಇಳಿದು ತಪಕೀರಿನ ಡಬ್ಬಿಯನ್ನು ಗಟಾರಕ್ಕೆ ಎಸೆದಳು. ಎರಡು ದಿನಕ್ಕೆ ಮತ್ತೆ ಹೊಸದು ತಂದಳು, ಅದು ಬೇರೆ ಮಾತು. ಆದರೆ ಅಂದಿನಿಂದ ಮನೆಗೆ ಬಂದವರೆಲ್ಲರ ಮುಂದೆ, ಕೇಳಿದವರ ಮುಂದೆಯೂ ಕೇಳದವರ ಮುಂದೆಯೂ, ನಮ್ಮ ಮನ್ಯಾರು ಕುಡೀತಿದ್ದಿಲ್ಲ ಎಂದು ಹೇಳತೊಡಗಿದಳು. ಜನ ಹೌದೌದು ಅನ್ನುತ್ತಿದ್ದರು. ಮುದುಕಿಗೆ ಅರಳುಮರಳು ಎಂದು ಹೊರಗೆ ಹೋಗಿ ನಗುತ್ತಿದ್ದರು.

ನನಗೆ ಬೇರೆಯೇ ಭೂತ ಹಿಡಿಯಿತು. ದಿಂಡಿಗೂ ಹೊಟ್ಟೆಗೂ ನಡುವೆ ಬೆರಳಿಟ್ಟು ಅಳೆಯುವುದು ಸಾಲದಾಯಿತು. ಅಂಗೈ ಬಾಯಿಗೆ ಹಿಡಿದು ಉಸಿರು ಬಿಟ್ಟು ಮೂಸುತ್ತಿದ್ದೆ. ತನ್ನ ವಾಸನೆ ತನಗೆ ತಿಳಿಯುವುದಿಲ್ಲ. ಊರೆಲ್ಲದರ ವಾಸನೆ ಹಿಡಿದ ನನ್ನ ಮೂಗು ಇಲ್ಲಿ ಕೆಲಸಕ್ಕೆ ಬರಲಿಲ್ಲ. ಹೊರಗಿನ ಮೂಗು ಬೇಕಿತ್ತು.

ಒಂದು ಬೆಳಿಗ್ಗೆ ಮಗಳನ್ನು ಶಾಲೆಗೆ ತಯಾರು ಮಾಡುತ್ತ, ಜಡೆ ಹಾಕಿ ಮುಗಿಸಿ, ಅವಳನ್ನು ನನ್ನ ಕಡೆ ತಿರುಗಿಸಿಕೊಂಡೆ. ಭುಜ ಹಿಡಿದು ಹತ್ತಿರ ಎಳೆದುಕೊಂಡೆ.

"ಯವ್ವಾ, ನನ್ನ ಬಾಯಿ ವಾಸನಿ ನೋಡು. ಏನರ ಬರ್ತೈತೇನು? ಖರೆ ಹೇಳಬೇಕ ನೋಡು. ನನ್ನ ಆಣಿ..."

ಆಣಿ ಎನ್ನುವಷ್ಟರಲ್ಲಿ ನನ್ನ ನಾಲಿಗೆ ಅಲ್ಲೇ ನಿಂತಿತು. ಅವ್ವನ ಮಾತು, ಅಕ್ಷರಕ್ಕೆ ಅಕ್ಷರ. ಮಗಳು ನನ್ನ ಮುಖ ನೋಡುತ್ತಿದ್ದಳು. ಡಾಕ್ಟರು, ಸ್ಕ್ಯಾನ್, ಅಜ್ಜ ಎಂದು ಹದಿನೈದು ದಿನದಿಂದ ಮನೆಯಲ್ಲಿ ನಡೆದ ಮಾತೆಲ್ಲ ಅವಳ ಕಿವಿಗೆ ಬಿದ್ದಿತ್ತು. ನಾನು ಉಸಿರು ಬಿಡುವ ಮೊದಲೇ ಅವಳು ಗಡಬಡಿಸಿ ಅಂದಳು:

"ಇಲ್ಲವ್ವಾ. ಏನೂ ಬರೂದಿಲ್ಲ."

ಅವಳು ಮೂಸಿರಲೇ ಇಲ್ಲ. ತುಟಿ ಬಿಗಿಹಿಡಿದು, ಉಸಿರು ಕಟ್ಟಿಕೊಂಡು ನಿಂತಿದ್ದಳು.